ನಾಡಿ ಶೋಧನ: 40ನೇ ದಿನದ ಟಿಪ್ಪಣಿ

ನಾಡಿ ಶೋಧನ, ಅಂದ್ರೆ ಒಂದೊಂದೇ ಹೊಳ್ಳೆಯಿಂದ ಉಸಿರಾಡುವ ಪ್ರಾಣಾಯಾಮ, ಶುರು ಮಾಡಿದಾಗ ನನಗೆ ಬೇಕಾಗಿದ್ದು ಒಂದೇ. ರಾತ್ರಿ ಮಲಗಿದ ಮೇಲೆ ತಲೆಯೊಳಗೆ ಓಡುವ ಲೆಕ್ಕಾಚಾರ ನಿಲ್ಲಬೇಕು.

ಈಗಿನ ಕ್ರಮ ಹೀಗಿದೆ. ಬೆಳಿಗ್ಗೆ ಕಾಫಿಗೆ ಮುಂಚೆ ಚಾಪೆ ಹಾಸಿ ಕೂರುತ್ತೇನೆ. ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ, ಎಡದಿಂದ 4 ಎಣಿಕೆ ಉಸಿರು ಒಳಗೆ. ಆಮೇಲೆ ಉಂಗುರ ಬೆರಳಿನಿಂದ ಎಡ ಮುಚ್ಚಿ, ಬಲದಿಂದ 6 ಎಣಿಕೆ ಹೊರಗೆ. ಮತ್ತೆ ಬಲದಿಂದ ಒಳಗೆ, ಎಡದಿಂದ ಹೊರಗೆ. ಇದು ಒಂದು ಸುತ್ತು. ಎಣಿಕೆಗೊಂದು ಸೆಕೆಂಡ್ ಅಂದ್ರೆ ನಿಮಿಷಕ್ಕೆ 6 ಉಸಿರು, 9 ಸುತ್ತಿಗೆ 3 ನಿಮಿಷ.

11ನೇ ದಿನ ಎಡವಿದೆ. ಆಸೆಗೆ ಬಿದ್ದು ಕುಂಭಕ, ಅಂದ್ರೆ ಉಸಿರು ಹಿಡಿಯೋದು, ಸೇರಿಸಿದೆ; 16 ಎಣಿಕೆ ಹಿಡಿದೆ. ಕಿವಿ ಗುಂಯ್ ಅಂತು, ಎದೆ ಡವಡವ. ದಿನವಿಡೀ ಸಿಡಿಮಿಡಿ. ಯೋಗದ ಮೇಷ್ಟ್ರಿಗೆ ಹೇಳಿದೆ. "ಹಿಡಿಯೋದು ಬಿಟ್ಬಿಡಿ. ಹೊರಗೆ ಹೋಗೋ ಉಸಿರನ್ನ ನೋಡ್ಕೊಳ್ಳಿ, ಸಾಕು" ಅಂದರು. ಹಳೆಯ ಯೋಗಗ್ರಂಥ ಹಠಯೋಗ ಪ್ರದೀಪಿಕೆಯಲ್ಲೂ ಇದೇ ಎಚ್ಚರಿಕೆ ಇದೆ: ಸಿಂಹ, ಆನೆ, ಹುಲಿಯನ್ನು ಪಳಗಿಸುವ ಹಾಗೆ ಉಸಿರನ್ನೂ ಮೆಲ್ಲಮೆಲ್ಲಗೆ ಪಳಗಿಸಬೇಕು, ಅವಸರ ಮಾಡಿದರೆ ಸಾಧಕನನ್ನೇ ಕೊಲ್ಲುತ್ತದೆ ಅಂತ.

ಅವತ್ತಿನಿಂದ ಎಡಗೈ ಮಣಿಕಟ್ಟಿನ ನಾಡಿ ಹಿಡಿದು ನೋಡುವ ಅಭ್ಯಾಸ ಮಾಡಿಕೊಂಡೆ. ನೀವೂ ನೋಡಿ. ಉಸಿರು ಎಳೆದಾಗ ಬಡಿತ ಸ್ವಲ್ಪ ಚುರುಕು, ಬಿಟ್ಟಾಗ ನಿಧಾನ. ಬಿಡುವ ಉಸಿರು ಉದ್ದವಾದಷ್ಟೂ ಆ ನಿಧಾನ ಬೆರಳಿಗೇ ಸಿಗುತ್ತದೆ. ನನಗೆ ನಂಬಿಕೆ ಬಂದಿದ್ದು ಅಲ್ಲಿಂದಲೇ.

ಭ್ರಾಮರಿ ಇಷ್ಟವಾಗಿದ್ದೂ ಅದಕ್ಕೇ. ಕಿವಿ ಮುಚ್ಚಿಕೊಂಡು ದುಂಬಿಯ ಹಾಗೆ ಗುಂಯ್‌ಗುಟ್ಟಿದರೆ ಎಣಿಸುವ ಕೆಲಸವೇ ಇಲ್ಲ, ಉಸಿರು ತಾನಾಗಿ ಉದ್ದವಾಗುತ್ತದೆ. ಮೊದಲು ತುಟಿಯಲ್ಲಿ ಕಚಗುಳಿ, ಆಮೇಲೆ ಹಲ್ಲಿನ ಬುಡ, ಕೊನೆಗೆ ನೆತ್ತಿ. ರಾತ್ರಿ ಐದು ಸಲ ಮಾಡುತ್ತೇನೆ.

ಅದಕ್ಕೆ ಮುಂಚೆ ಪಾದಕ್ಕೆ ಎಣ್ಣೆ. ಅಭ್ಯಂಗದಲ್ಲಿ, ಅಂದ್ರೆ ಮೈಗೆ ಎಣ್ಣೆ ತಿಕ್ಕುವಾಗ, ತಲೆ, ಕಿವಿ, ಪಾದಕ್ಕೆ ಜಾಸ್ತಿ ಗಮನ ಕೊಡಬೇಕು ಅನ್ನುತ್ತದೆ ಆಯುರ್ವೇದದ ಗ್ರಂಥ ಅಷ್ಟಾಂಗ ಹೃದಯ. ಎಳ್ಳೆಣ್ಣೆ ಉಗುರುಬೆಚ್ಚಗೆ ಮಾಡಿ, ಕಂಚಿನ ಬಟ್ಟಲಿನ ತಳದಿಂದ ಅಂಗಾಲು ಉಜ್ಜುತ್ತೇನೆ. ಬಟ್ಟಲು ಅಮ್ಮನದು. "ಹಿಮ್ಮಡಿ ಬಿಡ್ಬೇಡ ಕಣೋ, ವಾತ ಎಲ್ಲಾ ಅಲ್ಲೇ ಕೂತಿರುತ್ತೆ" ಅಂತ ಫೋನಲ್ಲೂ ನೆನಪಿಸುತ್ತಾಳೆ. ಮಧ್ಯಾಹ್ನದ ಊಟಕ್ಕೆ ವಾರಕ್ಕೆರಡು ಸಲ ಒಂದೆಲಗದ ತಂಬುಳಿ. ಅದರ ಗುಣ ಅಳೆಯಲು ನನಗೆ ಬರಲ್ಲ, ರುಚಿಗಾಗಿಯೇ ಮಾಡುತ್ತೇನೆ.

ನಿನ್ನೆ ಐದನೇ ಭ್ರಾಮರಿ ಮುಗಿಸಿದ್ದು ನೆನಪಿದೆ. ಬೆಳಿಗ್ಗೆ ಎದ್ದಾಗ ಎಣ್ಣೆ ಬಟ್ಟಲು ಮಂಚದ ಪಕ್ಕವೇ ಇತ್ತು, ದೀಪವೂ ಉರಿಯುತ್ತಿತ್ತು.

ಸೋಮವಾರದಿಂದ 4 ಎಣಿಕೆ ಒಳಗೆ, 8 ಎಣಿಕೆ ಹೊರಗೆ ಮಾಡಿ ನೋಡಬೇಕು. ಕುಂಭಕ ಇನ್ನೂ ಬೇಡ.