ಅದು ಉಸಿರಲ್ಲ

ತುರ್ತು ಪ್ರಥಮ ಚಿಕಿತ್ಸೆ ಹೇಳಿಕೊಡುವ ದಿನ ನಾನು ಒಂದು ಸಲವಾದರೂ ನೆಲದ ಮೇಲೆ ಮಲಗಲೇಬೇಕು. ಅಭ್ಯಾಸಕ್ಕೆ ಇಟ್ಟ ಬೊಂಬೆಗೆ ಎದೆ ಒತ್ತಿಸಿಕೊಳ್ಳೋಕೆ ಬರುತ್ತೆ, ಆದರೆ ಸಾಯುವ ಹೊತ್ತಿನ ಸದ್ದು ಮಾಡೋಕೆ ಬರಲ್ಲ. ಅದನ್ನು ನಾನೇ ಮಾಡಿ ತೋರಿಸಬೇಕು.

ಆವತ್ತು 18 ಜನ ಬಂದಿದ್ದರು. ಗಾಡಿ ಓಡಿಸುವವರು, ಸೆಕ್ಯೂರಿಟಿ ಕೆಲಸದವರು, ಇಬ್ಬರು ಟೀಚರ್‌ಗಳು, ಒಬ್ಬ ಕಾಲೇಜು ಹುಡುಗಿ. ಆಸ್ಪತ್ರೆಗೆ ಸಂಬಂಧಪಟ್ಟವರು ಒಬ್ಬರೂ ಇರಲಿಲ್ಲ. ನನಗೆ ಬೇಕಾದವರೂ ಇವರೇ. ರಸ್ತೆಯಲ್ಲೋ ಮನೆಯಲ್ಲೋ ಯಾರಾದರೂ ಕುಸಿದು ಬಿದ್ದಾಗ ಪಕ್ಕದಲ್ಲಿ ಇರೋದು ಇಂಥವರೇ ಅಲ್ವಾ.

ಶುರುವಿನಲ್ಲೇ ಎಲ್ಲರ ಮುಖದಲ್ಲೂ ಒಂದು ಅಳುಕು ಇರುತ್ತದೆ. ಇದು ಡಾಕ್ಟರ್ ಕೆಲಸ, ನಮ್ಮ ಕೈಲಿ ಆಗುತ್ತಾ ಅಂತ. ಅದಕ್ಕೇ ಮೊದಲು ವಿಲಿಯಂ ಕೌವೆನ್‌ಹೋವನ್ ವಿಷಯ ಹೇಳುತ್ತೇನೆ. ನಿಂತ ಹೃದಯವನ್ನು ನಡೆಸಬೇಕೆಂದರೆ ಆಗೆಲ್ಲ ಎದೆ ಸೀಳಿ ಹೃದಯವನ್ನೇ ಕೈಯಲ್ಲಿ ಹಿಡಿದು ಅದುಮುತ್ತಿದ್ದರು. ಹೊರಗಿನಿಂದ ಎದೆ ಒತ್ತಿದರೂ ರಕ್ತ ಹರಿಯುತ್ತದೆ ಅಂತ 1960ರಲ್ಲಿ ಬರೆದು ತಿಳಿಸಿದ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಮೂವರಲ್ಲಿ ಇವರೊಬ್ಬರು. ಇವರು ಡಾಕ್ಟರ್ ಅಲ್ಲ, ಎಲೆಕ್ಟ್ರಿಕಲ್ ಇಂಜಿನಿಯರ್. ಇದನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಶುರು ಮಾಡಬಹುದು, ಬೇಕಾಗಿರುವುದು ಎರಡು ಕೈ ಅಷ್ಟೇ ಅಂತ ಆ ಲೇಖನದಲ್ಲೇ ಇದೆ. ಇದನ್ನು ಹೇಳಿದ ಮೇಲೆ ಜನ ಸ್ವಲ್ಪ ಮುಂದೆ ಸರಿದು ಕೂರುತ್ತಾರೆ.

ಬೆಳಗ್ಗೆ ಪೂರ್ತಿ ರಕ್ತಸ್ರಾವದ ಪಾಠ. ಗಾಯದ ಮೇಲೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಒತ್ತಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ, ಹತ್ತರಲ್ಲಿ ಎಂಟು ಜನ ಒತ್ತೋದು ಜ್ವರ ನೋಡಿದ ಹಾಗೆ. ನೋವಾಗುತ್ತೆ ಅನ್ನೋ ಕನಿಕರ. ಇನ್ನೊಂದು, ನಿಂತಿದೆಯಾ ಅಂತ ಮಿನಿಟಿಗೊಂದು ಸಲ ಬಟ್ಟೆ ಎತ್ತಿ ನೋಡೋದು. ಎತ್ತಿದರೆ ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತು ಬರುತ್ತದೆ. ಎತ್ತಬೇಡಿ, ನೋಡಬೇಡಿ, ಒತ್ತುತ್ತಲೇ ಇರಿ ಅಂತ ಅವತ್ತು ಎಷ್ಟು ಸಲ ಹೇಳಿದೆನೋ.

ಮಧ್ಯಾಹ್ನ ಎದೆ ಒತ್ತುವ ಪಾಠ. ಬಿದ್ದವರ ಭುಜ ಅಲುಗಾಡಿಸಿ ಜೋರಾಗಿ ಕರೆಯಿರಿ. ಓಗೊಡದಿದ್ದರೆ ಒಬ್ಬರ ಕಡೆ ಬೆರಳು ತೋರಿಸಿ, "ನೀವು, ಆಂಬುಲೆನ್ಸ್‌ಗೆ ಫೋನ್ ಮಾಡಿ" ಅನ್ನಿ. ಯಾರಾದ್ರೂ ಮಾಡಿ ಅಂದರೆ ಯಾರೂ ಮಾಡಲ್ಲ. ಆಮೇಲೆ ಉಸಿರಾಟ ನೋಡಿ, 10 ಸೆಕೆಂಡಿಗಿಂತ ಜಾಸ್ತಿ ಬೇಡ. ಇಷ್ಟು ಹೇಳಿ ನಾನು ಬೊಂಬೆಯ ಪಕ್ಕ ಮಲಗಿದೆ. ಬಾಯಿ ತೆರೆದೆ. ಗೊರ್ ಅಂತ ಒಂದು ಸಲ ಉಸಿರು ಎಳೆದು ಸುಮ್ಮನಾದೆ. ಆರೇಳು ಸೆಕೆಂಡ್ ಬಿಟ್ಟು ಇನ್ನೊಂದು. ದವಡೆ ಮೇಲಕ್ಕೆ ಹೋಗಿ ಇಳಿಯಬೇಕು, ಎದೆ ಹೆಚ್ಚುಕಮ್ಮಿ ಅಲುಗಾಡಬಾರದು. ನೀರಿನಿಂದ ತೆಗೆದ ಮೀನು ಬಾಯಿ ಬಿಟ್ಟ ಹಾಗೆ.

"ಇದು ಉಸಿರಲ್ಲ," ಅಂದೆ ಎದ್ದು ಕೂತು. "ಹೃದಯ ನಿಂತ ಮೇಲೂ ಮೆದುಳಿನ ಬುಡ ಸ್ವಲ್ಪ ಹೊತ್ತು ಹೀಗೆ ಮಾಡಿಸುತ್ತೆ. ಇದನ್ನ ನೋಡಿ ಉಸಿರಾಡ್ತಿದ್ದಾರೆ ಅಂದ್ಕೊಂಡು ಕಾಯ್ತಾ ಕೂರಬೇಡಿ. ಒತ್ತೋಕೆ ಶುರು ಮಾಡಿ."

ಹಿಂದಿನ ಸಾಲಿನಲ್ಲಿ ಐವತ್ತು ದಾಟಿದ ಒಬ್ಬರು ಕೂತಿದ್ದರು. ಗಾಡಿ ಓಡಿಸುವವರು. ಬೆಳಗ್ಗೆಯಿಂದ ಒಂದು ಪುಟ್ಟ ಪುಸ್ತಕದಲ್ಲಿ ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದರು. ಈಗ ಅವರ ಪೆನ್ನು ನಿಂತಿತ್ತು.

"ಮೇಡಂ, ಹಾಗಾದ್ರೆ ಅದು ಉಸಿರಾಟ ಅಲ್ವಾ?"

"ಅಲ್ಲ ಸರ್."

"ನನ್ನ ತಮ್ಮ ಹೀಗೇ ಮಾಡ್ದ. ಇದೇ ಸದ್ದು. ಉಸಿರಾಡ್ತಾ ಇದಾನೆ, ಏನೂ ಆಗಲ್ಲ ಅಂತ ನಾನೇ ಎಲ್ರಿಗೂ ಧೈರ್ಯ ಹೇಳ್ದೆ. ತಲೆ ತೊಡೆ ಮೇಲೆ ಇಟ್ಕೊಂಡು ಗಾಳಿ ಬೀಸ್ತಾ ಕೂತಿದ್ದೆ."

ಯಾರೂ ಮಾತಾಡಲಿಲ್ಲ. ನನ್ನ ಬಾಯಿ ಕಟ್ಟಿಹೋಯಿತು. ಈ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಕೇಳುತ್ತಾ ಕೂತವರಲ್ಲಿ ಯಾರೋ ಒಬ್ಬರು ಇದನ್ನು ತಮ್ಮ ಮನೆಯಲ್ಲೇ ನೋಡಿರಬಹುದು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಒತ್ತಿದ್ದರೂ ಉಳೀತಿರಲಿಲ್ಲ ಬಿಡಿ ಅನ್ನಬಹುದಿತ್ತು. ಅವರ ಮನಸ್ಸು ಹಗುರ ಆಗುತ್ತಿತ್ತು. ಆದರೆ ಏನೂ ಮಾಡದೆ ಹೋದರೆ ಬದುಕುವ ಅವಕಾಶ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಇಳಿಯುತ್ತದೆ ಅಂತ ಅರ್ಧ ಗಂಟೆ ಹಿಂದೆ ನಾನೇ ಹೇಳಿದ್ದೆ. ಅದು ಅವರ ಪುಸ್ತಕದಲ್ಲೂ ಇತ್ತು.

ಅವರ ಪಕ್ಕ ಹೋಗಿ ಕೂತೆ. "ಉಳೀತಿದ್ರು ಅಂತ ನಾನು ಹೇಳೋಕಾಗಲ್ಲ ಸರ್. ಎಲ್ಲ ಸರಿಯಾಗಿ ಮಾಡಿದ್ರೂ ಜಾಸ್ತಿ ಜನ ವಾಪಸ್ ಬರಲ್ಲ. ಉಳೀತಿರಲಿಲ್ಲ ಅಂತಾನೂ ಹೇಳೋಕಾಗಲ್ಲ. ಆದ್ರೆ ಆ ಸದ್ದು ಏನು ಅಂತ ನಿಮಗೆ ಅಲ್ಲೀವರೆಗೆ ಯಾರೂ ಹೇಳಿರ್ಲಿಲ್ಲ. ಗೊತ್ತಿಲ್ಲದೇ ಇರೋದನ್ನ ನೀವು ಹೇಗೆ ಮಾಡ್ತಿದ್ರಿ?"

ಅವರು ತುಂಬಾ ಹೊತ್ತು ಪುಸ್ತಕ ನೋಡುತ್ತಾ ಕೂತಿದ್ದರು. ಆಮೇಲೆ ಎದ್ದು ಬಂದು ಬೊಂಬೆಯ ಪಕ್ಕ ಮಂಡಿಯೂರಿದರು.

ಎದೆಯ ನಡುಮಧ್ಯೆ ಅಂಗೈಯ ಬುಡ ಇಟ್ಟರು. ಅದರ ಮೇಲೆ ಇನ್ನೊಂದು ಕೈ. ಮೊದಲ ನಾಲ್ಕೈದು ಒತ್ತು ಸಾಲಲಿಲ್ಲ. ಮೊಣಕೈ ಮಡಿಸಬೇಡಿ, ಮೈಭಾರ ಬಿಡಿ ಅಂದೆ. ಎದೆ 5 ಸೆಂಟಿಮೀಟರ್ ಇಳಿದರೆ ನಮ್ಮ ಬೊಂಬೆ ಟಕ್ ಅನ್ನುತ್ತದೆ. ಟಕ್ ಅಂದಿತು. ಮತ್ತೆ ಟಕ್. ನಿಮಿಷಕ್ಕೆ 100ರಿಂದ 120. ಅವರು ಎಣಿಸುವುದು ಎಲ್ಲರಿಗೂ ಕೇಳುತ್ತಿತ್ತು. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ ಅಂದೆ, ಬಿಟ್ಟರು. ಹಣೆಯ ಬೆವರು ಬೊಂಬೆಯ ಮೇಲೆ ತೊಟ್ಟಿಕ್ಕಿತು. 2 ನಿಮಿಷ ಆಯಿತು, ಬದಲಾಯಿಸಿ ಅಂದೆ. ಅವರಿಗೆ ಕೇಳಿಸಲೇ ಇಲ್ಲ. ಆಗ ಕಾಲೇಜು ಹುಡುಗಿ ಎದುರು ಬಂದು ಮಂಡಿಯೂರಿ, "ಅಂಕಲ್, ಈಗ ನಾನು ತಗೋತೀನಿ" ಅಂದಳು. ಅವರು ಕೈ ಎತ್ತಿದ್ದೇ ತಡ, ಇವಳ ಕೈ ಅಲ್ಲಿತ್ತು. ನಡುವೆ ಒಂದು ಎಣಿಕೆಯೂ ತಪ್ಪಲಿಲ್ಲ. ಇಷ್ಟು ಚೆನ್ನಾಗಿ ಕೈ ಬದಲಾಯಿಸಿದ್ದನ್ನು ನಾನು ಅನುಭವಸ್ಥರಲ್ಲೂ ಜಾಸ್ತಿ ನೋಡಿಲ್ಲ.

ಉಳಿದವರೂ ಒಬ್ಬೊಬ್ಬರಾಗಿ ಮಾಡಿದರು. ಪಕ್ಕೆಲುಬು ಮುರಿದರೆ ಅಂತ ಒಬ್ಬರು ಟೀಚರ್ ಕೇಳಿದರು. ಮುರಿಯಬಹುದು, ಬದುಕಿದರೆ ಕೂಡಿಕೊಳ್ಳುತ್ತದೆ, ನಿಲ್ಲಿಸಬೇಡಿ ಅಂದೆ. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಸಿಕ್ಕಿದರೆ ಆನ್ ಮಾಡಿ, ಮುಂದೇನು ಅಂತ ಅದೇ ಹೇಳುತ್ತದೆ ಅಂತಲೂ ಹೇಳಿದೆ.

ಒಂದೇ ದಿನದಲ್ಲಿ ಇಪ್ಪತ್ತು ವಿಷಯ ತುರುಕುವ ತರಬೇತಿಗಳ ಬಗ್ಗೆ ನನಗೆ ಬೇಜಾರಿದೆ. ಕೆಲವೇ ತಿಂಗಳಲ್ಲಿ ಅರ್ಧ ಮರೆತೇ ಹೋಗುತ್ತದೆ. ಆ ಸದ್ದನ್ನು ಗುರುತು ಹಿಡಿಯೋದು ಮತ್ತು ಕೈಗೆ ಆ ಟಕ್ ಅಭ್ಯಾಸ ಆಗೋದು, ಇವೆರಡಕ್ಕೆ ಈಗ ಅರ್ಧ ದಿನ ಕೊಡುತ್ತೇನೆ. ಪಾಠ ಶುರು ಮಾಡುವ ಮುಂಚೆ, ಇಂಥದ್ದನ್ನು ಹತ್ತಿರದಿಂದ ನೋಡಿದವರು ಯಾರಾದರೂ ಇದ್ದೀರಾ ಅಂತಲೂ ಕೇಳುತ್ತೇನೆ.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಬೊಂಬೆಗಳನ್ನು ಸ್ಪಿರಿಟ್‌ನಲ್ಲಿ ಒರೆಸುತ್ತಿದ್ದೆ. ಅವರು ಬಾಗಿಲ ಹತ್ತಿರ ನಿಂತಿದ್ದರು. ಕೈಯಲ್ಲಿ ಫೋನು.

"ಮೇಡಂ, ಆ ಸದ್ದು ಇನ್ನೊಂದ್ಸಲ ಮಾಡ್ತೀರಾ? ರೆಕಾರ್ಡ್ ಮಾಡ್ಕೋತೀನಿ. ಆವತ್ತು ಮನೇಲಿ ನಾವು ಐದು ಜನ ಇದ್ವಿ. ಅವ್ರಿಗೂ ಕೇಳಿಸ್ಬೇಕು."

ಒರೆಸುವ ಬಟ್ಟೆ ಪಕ್ಕಕ್ಕಿಟ್ಟು ನೆಲದ ಮೇಲೆ ಮಲಗಿದೆ. ಅವರು ಮಂಡಿಯೂರಿ ಕೂತು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದರು.