ಮೀಟರ್ ಬೋರ್ಡಿನಿಂದ 42 ಹೆಜ್ಜೆ

ಬೆಳಿಗ್ಗೆ ಹಾಲು ತರಲು ಕೆಳಗಿಳಿದಾಗ ಎದುರು ಮನೆಯವರು ಎಲೆಕ್ಟ್ರಿಕ್ ಕಾರಿನ ಚಾರ್ಜರ್ ವೈರ್ ಸುತ್ತಿಡುತ್ತಿದ್ದರು. ಥೇಟ್ ಅಮ್ಮ ಬಾವಿ ಹಗ್ಗ ಸುತ್ತಿಡುತ್ತಿದ್ದ ಹಾಗೆ.

"ರಾತ್ರಿ ಹಾಕಿ ಮಲಗಿದ್ದೆ, ಈಗ ಫುಲ್" ಎಂದರು.

ಗೋಡೆಯಲ್ಲಿರುವುದು ಒಂದು 15 ಆಂಪ್ ಸಾಕೆಟ್, ಅಷ್ಟೇ. ಗೀಸರಿಗೆ ಹಾಕಿಸುತ್ತೇವಲ್ಲ, ಅಂಥದ್ದೇ. ಗಂಟೆಗೆ ಸುಮಾರು 3 ಯೂನಿಟ್ ಒಳಗೆ ಹೋಗುತ್ತದೆ. 30 ಯೂನಿಟ್ ಬ್ಯಾಟರಿಗೆ ಒಂದು ರಾತ್ರಿ ಸಾಕು.

ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಇದೇ ಮಾತು. ಇಂಥ ಕಾರು ಈಗಲೇ ತಗೊಳ್ಳೋಣವಾ, ಇನ್ನೊಂದು ವರ್ಷ ಕಾಯೋಣವಾ? ಕಾದರೆ ಒಳ್ಳೆ ಬ್ಯಾಟರಿ ಬರಬಹುದು. ಅದು ಪ್ರತಿ ವರ್ಷವೂ ಬರುತ್ತದೆ, ಅಲ್ವಾ?

ನನಗಿದ್ದ ಭಯ ಪುತ್ತೂರಿನದು. ಬೆಂಗಳೂರಿಂದ ಅಮ್ಮನ ಮನೆಗೆ 300 ಕಿಲೋಮೀಟರಿಗೂ ಜಾಸ್ತಿ. ಹಾಸನದಲ್ಲಿ ಊಟಕ್ಕೆ ನಿಂತಾಗ ಚಾರ್ಜ್ ಮಾಡಬೇಕಾಗುತ್ತದೆ. ಶಿರಾಡಿ ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಸ್ವಲ್ಪ ಚಾರ್ಜ್ ವಾಪಸ್ ಕೊಡುತ್ತದಂತೆ. ಬರುವಾಗ ಘಾಟಿ ಹತ್ತುವುದಕ್ಕೆ ಅದಕ್ಕಿಂತ ಜಾಸ್ತಿಯೇ ಬೇಕು. ಆದರೂ ವರ್ಷಕ್ಕೆ ನಾಲ್ಕು ಸಲ ಹೋಗುವ ದಾರಿಗಾಗಿ ಉಳಿದ ದಿನಗಳ ನಿರ್ಧಾರ ನಿಲ್ಲಿಸಿಕೊಂಡು ಕೂತಿದ್ದೆ. ದಿನದ ಓಡಾಟ 40 ಕಿಲೋಮೀಟರ್ ಕೂಡ ಇಲ್ಲ.

ನಿಜವಾದ ಪ್ರಶ್ನೆ ಆ ಸಾಕೆಟ್. ನಮ್ಮ ಪಾರ್ಕಿಂಗ್ ಇರುವುದು ಮೂಲೆಯಲ್ಲಿ. ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಮೀಟರ್ ಬೋರ್ಡಿನಿಂದ ಅಲ್ಲಿಗೆ ನಡೆದು ನೋಡಿದೆ. 42 ಹೆಜ್ಜೆ.

ಭಾನುವಾರ ಅಪಾರ್ಟ್‌ಮೆಂಟ್ ಮೀಟಿಂಗ್ ಇದೆ. ವೈರ್ ಎಳೆಸಲು ಒಪ್ಪಿಗೆ ಕೇಳುತ್ತೇನೆ. ಒಪ್ಪಿದರೆ ಶೋರೂಮಿಗೆ ಹೋಗುವುದು ಆಮೇಲೆ.