ರೊಟ್ಟಿ ಬ್ಯಾರೆ, ಲೆಕ್ಕ ಬ್ಯಾರೆ

12 ನವೆಂಬರ್ 2024, ಮಂಗಳವಾರ
ಹುಬ್ಬಳ್ಳಿ

ಬೆಳಿಗ್ಗೆ ಎಂಟರ ಬಸ್ಸು ಹಿಡಿದು ಅಣ್ಣಿಗೇರಿ ಕಡೆಯ ಒಂದು ಹಳ್ಳಿ ಶಾಲೆಗೆ ಹೋದೆ. ನಾನು ಪಾಠ ಮಾಡುವ ಬಿ.ಎಡ್. ಕಾಲೇಜಿನ ನಾಲ್ಕು ಜನ ವಿದ್ಯಾರ್ಥಿಗಳು ಅಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದಾರೆ. ದಾರಿಯುದ್ದಕ್ಕೂ ಎರೆಹೊಲದಲ್ಲಿ ಹತ್ತಿ ಒಡೆದು ನಿಂತಿದೆ. ಹತ್ತಿ ಬಿಡಿಸುವ ಕಾಲ ಅಂದರೆ ಶಾಲೆಯಲ್ಲಿ ಹಾಜರಿ ಕಡಿಮೆ. ಆರನೇ ತರಗತಿಯ ಪಟ್ಟಿಯಲ್ಲಿ 37 ಹೆಸರು, ಬಂದಿದ್ದವರು 28.

ಮೂರನೇ ಪಿರಿಯಡ್ ಗಣಿತ. ಭಿನ್ನರಾಶಿಗಳ ಸಂಕಲನ. ಪಾಠ ಮಾಡಿದ್ದು ನಮ್ಮ ಹುಡುಗಿ, ಹಾವೇರಿ ಕಡೆಯವಳು. ತುಂಬಾ ಶ್ರದ್ಧೆ ಇರುವ ಹುಡುಗಿ. ಚಾರ್ಟ್ ಚೆನ್ನಾಗಿತ್ತು, ಧ್ವನಿ ಹಿಂದಿನ ಬೆಂಚಿನವರೆಗೂ ಕೇಳುತ್ತಿತ್ತು, ಬೋರ್ಡಿನ ಮೇಲೆ ಅಕ್ಷರ ಮುತ್ತು ಪೋಣಿಸಿದ ಹಾಗೆ. ಪೀಠಿಕೆಯಿಂದ ಗೃಹಪಾಠದವರೆಗೆ ಪಾಠ ಯೋಜನೆಯಲ್ಲಿ ಏನು ಬರೆದಿದ್ದಳೋ ಒಂದೂ ಬಿಡಲಿಲ್ಲ. ನಾನು ಹಿಂದೆ ಕೂತು ಅವಳ ಪಾಠಕ್ಕೆ ಅಂಕ ಹಾಕುವ ವೀಕ್ಷಣಾ ನಮೂನೆ ತುಂಬುತ್ತಿದ್ದೆ. 25ಕ್ಕೆ 23 ಅಂತ ಮನಸ್ಸಿನಲ್ಲೇ ಹಾಕಿಯೂ ಆಗಿತ್ತು.

ಒಂದು ವಿಷಯ ಮಾತ್ರ ಕಿವಿಗೆ ಬಡಿಯುತ್ತಿತ್ತು. "ಅರ್ಥ ಆಯ್ತಾ ಮಕ್ಕಳೇ?" ಅಂತ ಅವಳು ಕೇಳುತ್ತಿದ್ದಳು. "ಹೂನ್ರೀ ಟೀಚರ್" ಅಂತ ಇಡೀ ಕ್ಲಾಸು ಒಂದೇ ಸ್ವರದಲ್ಲಿ ಹೇಳುತ್ತಿತ್ತು. ನಮೂನೆಯ ಅಂಚಿನಲ್ಲಿ ಗೀಟು ಹಾಕುತ್ತಾ ಹೋದೆ. 40 ನಿಮಿಷಕ್ಕೆ 19 ಗೀಟು ಆದವು. ಆ 19 ಸಲದಲ್ಲಿ ಒಂದು ಮಗುವೂ "ಇಲ್ರೀ" ಅನ್ನಲಿಲ್ಲ.

ಕೊನೆಯ ಐದು ನಿಮಿಷ ಮೌಲ್ಯಮಾಪನ. ಭಿನ್ನರಾಶಿ ಎಂದರೇನು? ಅಂಶ ಯಾವುದು, ಛೇದ ಯಾವುದು? ಛೇದ ಬೇರೆ ಬೇರೆ ಇದ್ದರೆ ಏನು ಕಂಡುಹಿಡಿಯಬೇಕು? "ಲ.ಸಾ.ಅ." ಅಂತ ಕೈ ಎತ್ತಿದವರೆಲ್ಲ ಸರಿಯಾಗಿಯೇ ಹೇಳಿದರು. ಕೈ ಎತ್ತಿದವರು ಐದಾರು ಜನ. ಅವರೇ ಎಲ್ಲದಕ್ಕೂ ಎತ್ತಿದರು.

ಅಷ್ಟರಲ್ಲಿ ನನ್ನ ಪಕ್ಕದ ಹುಡುಗಿಯ ನೋಟ್‌ಬುಕ್ ಕಣ್ಣಿಗೆ ಬಿತ್ತು. ಬೋರ್ಡಿನ ಲೆಕ್ಕವೆಲ್ಲ ಚೊಕ್ಕಾಗಿ ಇಳಿಸಿಕೊಂಡಿದ್ದಳು. ಕೆಳಗೆ ತಾನೇ ಮಾಡಿದ ಒಂದು ಲೆಕ್ಕ: 1/2 + 1/3 = 2/5. ಮೇಲಿನದಕ್ಕೆ ಮೇಲಿನದು ಕೂಡಿಸಿದ್ದಾಳೆ, ಕೆಳಗಿನದಕ್ಕೆ ಕೆಳಗಿನದು.

ಮೆಲ್ಲಗೆ ಕೇಳಿದೆ. "ಅರ್ಧ ರೊಟ್ಟಿ ತಿಂದಿ ಅಂತ ತಿಳ್ಕೋ. ಆಮ್ಯಾಲೆ ಇನ್ನೂ ಒಂಚೂರು ತಿಂದಿ. ಈಗ ತಿಂದದ್ದು ಅರ್ಧಕ್ಕಿಂತ ಜಾಸ್ತಿನೋ ಕಡಿಮಿನೋ?"

"ಜಾಸ್ತಿ ರೀ."

"ರೊಟ್ಟಿನ ಐದು ಸಮ ಭಾಗ ಮಾಡಿ ಎರಡು ತಿಂದ್ರ?"

ಬೆರಳಿನಲ್ಲಿ ಬೆಂಚಿನ ಮೇಲೆ ಏನೋ ಗೀಚಿ ನೋಡಿದಳು. "ಅದು ಅರ್ಧಾನೂ ಆಗಂಗಿಲ್ರೀ."

"ಮತ್ತ ನಿನ್ನ ಲೆಕ್ಕದಾಗ ಹಂಗ ಬಂದೈತಲ್ಲ?"

ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಆಮೇಲೆ ನನಗೇ ಸಮಾಧಾನ ಹೇಳುವ ಹಾಗೆ ಅಂದಳು: "ರೊಟ್ಟಿ ಬ್ಯಾರೆ, ಲೆಕ್ಕ ಬ್ಯಾರೆ ರೀ."

ನನ್ನ ಕೈ ಅಲ್ಲೇ ನಿಂತಿತು. ಆ ಮಗು ತುಂಬಾ ಪ್ರಾಮಾಣಿಕವಾಗಿ ಹೇಳಿದ ಮಾತು ಅದು. ಅವಳಿಗೆ ಆರು ವರ್ಷದ ಶಾಲೆ ಕಲಿಸಿದ್ದೂ ಅದೇ ಅಲ್ವಾ? ನನ್ನ ಮುಂದಿದ್ದ ನಮೂನೆಯನ್ನು ಮತ್ತೊಮ್ಮೆ ಓದಿದೆ. ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಉಪಕರಣದ ಬಳಕೆ, ಕಪ್ಪುಹಲಗೆ ಕೆಲಸ, ಧ್ವನಿ, ಸಮಯ ಪಾಲನೆ. ಎಲ್ಲವೂ ಶಿಕ್ಷಕಿ ಏನು ಮಾಡಿದಳು ಅನ್ನೋದು. ಮಕ್ಕಳಿಗೆ ಏನು ತಿಳಿಯಿತು, ತಿಳಿಯದೇ ಇದ್ದಾಗ ಶಿಕ್ಷಕಿ ಪಾಠದ ದಾರಿ ಬದಲಿಸಿದಳಾ ಅಂತ ಕೇಳುವ ಒಂದು ಸಾಲೂ ಇಲ್ಲ. ಆ ಸಾಲು ಇಲ್ಲದ ಕಾಗದದಿಂದ ನಾವು ಅವಳನ್ನು ಅಳೆಯುತ್ತೇವೆ. ಅವಳು ನಾಳೆ ಅದೇ ಅಳತೆಯಲ್ಲಿ ಮಕ್ಕಳನ್ನು ಅಳೆಯುತ್ತಾಳೆ.

ನಾನು ಧಾರವಾಡದಲ್ಲಿ ಬಿ.ಎಡ್. ಓದುವಾಗ ಕೋರ್ಸು ಒಂದೇ ವರ್ಷ. ಕೊನೆಯ ಪಾಠದ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರುತ್ತಾರೆ ಅಂತ ಹಿಂದಿನ ದಿನವೇ ಅದೇ ಮಕ್ಕಳಿಗೆ ಅದೇ ಪಾಠ ಮಾಡಿ, ಯಾರು ಯಾವ ಪ್ರಶ್ನೆಗೆ ಕೈ ಎತ್ತಬೇಕು ಅಂತ ಹೇಳಿಕೊಟ್ಟಿದ್ದೆ. ಒಳ್ಳೆಯ ಅಂಕ ಬಂತು. ಆ ಮಕ್ಕಳಿಗೆ ಪಾಠ ಬಂತೋ ಇಲ್ಲವೋ ನಾನು ನೋಡಲೇ ಇಲ್ಲ. ಅದು ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಈಗ ಸಮಯ ಇಲ್ಲ ಅನ್ನುವ ಹಾಗೂ ಇಲ್ಲ. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮ ಬಂದ ಮೇಲೆ ಬಿ.ಎಡ್. ಎರಡು ವರ್ಷ ಆಯಿತು. ಶಾಲೆಯಲ್ಲಿ ಕನಿಷ್ಠ 20 ವಾರ ಇರಬೇಕು, ಅದರಲ್ಲಿ 16 ವಾರ ಎರಡನೇ ವರ್ಷದಲ್ಲೇ. 16 ವಾರ ಅಂದರೆ ಒಂದು ತರಗತಿಯ ಒಂದೊಂದು ಮಗುವನ್ನೂ ಹೆಸರು ಹಿಡಿದು ತಿಳಿದುಕೊಳ್ಳುವಷ್ಟು ದಿನ. ಆ ದಿನಗಳನ್ನು ನಾವು ಪಾಠಗಳ ಎಣಿಕೆಯಲ್ಲಿ ಕಳೆಯುತ್ತಿದ್ದೇವೆ. ಆಮೇಲೆ ಬರುವ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯಲ್ಲೂ 150 ಪ್ರಶ್ನೆ, ನಾಲ್ಕರಲ್ಲಿ ಒಂದು ಉತ್ತರ ಆರಿಸಬೇಕು, ಸಾಮಾನ್ಯ ವರ್ಗದವರಿಗೆ 60 ಪರ್ಸೆಂಟ್ ಬಂದರೆ ಅರ್ಹತೆ. ಅದೂ ಬೇಕು, ಬೇಡ ಅನ್ನಲ್ಲ. ಆದರೆ ಅಲ್ಲಿ ಯಾರೂ ಇವಳು ಪಾಠ ಮಾಡುವುದನ್ನು ನೋಡುವುದಿಲ್ಲ. ನೋಡುವವರು ನಾವು ಮಾತ್ರ. ನಾವೂ ಸರಿಯಾಗಿ ನೋಡದಿದ್ದರೆ ಇನ್ಯಾರು?

ಬಿಸಿಯೂಟ ಆದ ಮೇಲೆ ನಾನೂ ಪಾಠ ಮಾಡಿದ ಹುಡುಗಿಯೂ ಹೆಡ್‌ಮಾಸ್ತರ ಒಪ್ಪಿಗೆ ಕೇಳಿ ಕಾಲು ಗಂಟೆ ಪಡೆದೆವು. ರಫ್ ಕಾಗದ ಹರಿದು 28 ಚೀಟಿ ಮಾಡಿದೆವು. ಹೆಸರು ಬರೆಯುವುದು ಬೇಡ ಅಂದೆವು. ಪ್ರಶ್ನೆ ಒಂದೇ: ಅರ್ಧ ರೊಟ್ಟಿ ತಿಂದೆ, ಆಮೇಲೆ 1/3 ರೊಟ್ಟಿ ತಿಂದೆ. ಒಟ್ಟು ಎಷ್ಟು ತಿಂದೆ? ಚಿತ್ರ ಬರಿ, ಲೆಕ್ಕನೂ ಮಾಡು.

ವರಾಂಡದಲ್ಲಿ ಕೂತು ಇಬ್ಬರೂ ಚೀಟಿ ಬೇರೆ ಮಾಡಿದೆವು. ಗಾಳಿಗೆ ಹಾರದ ಹಾಗೆ ಮೇಲೆ ಸಣ್ಣ ಕಲ್ಲು ಇಟ್ಟೆವು. ಮೊದಲು ಸರಿ, ತಪ್ಪು ಅಂತ ಎರಡು ಗುಂಪು ಮಾಡಲು ಹೊರಟಳು. ಸ್ವಲ್ಪ ಹೊತ್ತಿಗೆ ಕೈ ತಡೆಯಿತು. "ಮೇಡಂ, ಇದನ್ನ ಎಲ್ಲಿ ಇಡಲಿ? ಚಿತ್ರ ಸರಿ ಐತಿ, ಲೆಕ್ಕ ತಪ್ಪೈತಿ." ಅಂಥವೇ ಒಂದರ ಹಿಂದೆ ಒಂದು ಬರತೊಡಗಿದವು. ಕೊನೆಗೆ ಮೂರು ಗುಂಪಾಯಿತು. ಎರಡೂ ಸರಿ ಇದ್ದವು 9. ಖಾಲಿ ಅಥವಾ ಏನೇನೋ ಬರೆದವು 6. ಉಳಿದ 13 ಚೀಟಿಯಲ್ಲಿ ಚಿತ್ರ ಸರಿ: ಮುಕ್ಕಾಲಿಗಿಂತ ತುಸು ಜಾಸ್ತಿ ತಿಂದ ರೊಟ್ಟಿ, ಅಂಚಿನಲ್ಲಿ ಸಣ್ಣ ಚೂರು ಉಳಿದಿದೆ. ಅದರ ಕೆಳಗೇ ಬರೆದಿದೆ, 2/5.

ಅವಳು ಬಹಳ ಹೊತ್ತು ಆ 13 ಚೀಟಿ ನೋಡುತ್ತಾ ಕೂತಳು. "ಇವರಿಗೆ ಗೊತ್ತೈತಿ ಮೇಡಂ. ಗೊತ್ತೈತಿ ಅನ್ನೋದು ಇವರಿಗೆ ಗೊತ್ತಿಲ್ಲ" ಅಂದಳು. ನಾನು ಎಷ್ಟೋ ವರ್ಷದಿಂದ 'ಕಲಿಕೆಗಾಗಿ ಮೌಲ್ಯಮಾಪನ' ಅನ್ನುವ ವಿಷಯ ಪಾಠ ಮಾಡುತ್ತಿದ್ದೇನೆ. ರೂಪಣಾತ್ಮಕ, ಸಂಕಲನಾತ್ಮಕ, ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ, ಎಲ್ಲದರ ವ್ಯಾಖ್ಯೆ ಬರೆಸಿದ್ದೇನೆ. ಯಾವ ವಿದ್ಯಾರ್ಥಿಯೂ ಪರೀಕ್ಷೆಯಲ್ಲಿ ಇಷ್ಟು ಒಳ್ಳೆಯ ಉತ್ತರ ಬರೆದದ್ದು ನೆನಪಿಲ್ಲ.

ಅದೇ ವಿಷಯದ ಪಾಠದಲ್ಲಿ ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ ಅವರ 1988ರ ಅಧ್ಯಯನವನ್ನೂ ಹೇಳಿಕೊಡುತ್ತೇನೆ. ಇಸ್ರೇಲಿನ ಶಾಲೆಗಳಲ್ಲಿ ಮಾಡಿದ್ದು. ಕೆಲವು ಮಕ್ಕಳಿಗೆ ಬರೀ ಅಂಕ ಕೊಟ್ಟರು, ಕೆಲವರಿಗೆ ಅವರ ಕೆಲಸದ ಬಗ್ಗೆ ಬರೀ ಮಾತು ಬರೆದು ಕೊಟ್ಟರು, ಕೆಲವರಿಗೆ ಎರಡೂ. ಮುಂದಿನ ಸಲ ಚೆನ್ನಾಗಿ ಮಾಡಿದವರು ಬರೀ ಮಾತು ಸಿಕ್ಕವರು. ಅಂಕ ಜೊತೆಗಿದ್ದಾಗ ಮಾತಿನಿಂದ ಅಂಥ ಲಾಭ ಆಗಲಿಲ್ಲ. ಬೋರ್ಡಿನ ಮೇಲೆ ಇದನ್ನು ಎಷ್ಟು ಸಲ ಬರೆದಿದ್ದೇನೋ. ನನ್ನ ಸ್ವಂತ ವಿದ್ಯಾರ್ಥಿಗಳಿಗೆ ಒಮ್ಮೆಯೂ ಹಾಗೆ ಮಾಡಿರಲಿಲ್ಲ.

ಇವತ್ತು ಮಾಡಿದೆ. ಅವಳ ನಮೂನೆಯ ಮಾರ್ಕ್ಸ್ ಕಾಲಂ ಖಾಲಿ ಬಿಟ್ಟೆ. ಕೆಳಗೆ ಕೈಬರಹದಲ್ಲಿ ಮೂರು ಮಾತು ಬರೆದೆ. "ಅರ್ಥ ಆಯ್ತಾ" ಅನ್ನುವುದರ ಬದಲು ಒಂದು ಲೆಕ್ಕ ಕೊಟ್ಟು ಸಾಲುಗಳ ನಡುವೆ ಓಡಾಡು. ಕೈ ಎತ್ತದವರ ನೋಟ್‌ಬುಕ್ ಮೊದಲು ನೋಡು. ನಾಳೆ ಇದೇ ಪಾಠ, ಇದೇ ಮಕ್ಕಳಿಗೆ, ಇನ್ನೊಮ್ಮೆ ಮಾಡು.

ಓದಿ ಮೊದಲಿಗೆ ಅವಳ ಮುಖ ಸಣ್ಣದಾಯಿತು. "ಪಾಠ ಕ್ಯಾನ್ಸಲ್ ಆತೇನ್ರಿ ಮೇಡಂ?" ಅಂದಳು. ಕಣ್ಣಲ್ಲಿ ನೀರಿತ್ತು. ಮತ್ತೊಮ್ಮೆ ಮಾಡು ಅಂದರೆ ಶಿಕ್ಷೆ ಅಂತಲೇ ನಮ್ಮ ಮಕ್ಕಳು ತಿಳಿದಿದ್ದಾರೆ. ಮೊದಲ ಸೆಮಿಸ್ಟರ್‌ನ ಸೂಕ್ಷ್ಮ ಬೋಧನೆ, ಅಂದರೆ ಸಹಪಾಠಿಗಳನ್ನೇ ಮಕ್ಕಳ ಹಾಗೆ ಕೂರಿಸಿ ಮಾಡುವ ಚಿಕ್ಕ ಅಭ್ಯಾಸ ಪಾಠ, ನೆನಪಿಸಿದೆ. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ಹಿಮ್ಮಾಹಿತಿ. 36 ನಿಮಿಷದ ಆ ಚಕ್ರದಲ್ಲಿ ಮರುಬೋಧನೆ ಅನ್ನುವುದು ಒಳಗೇ ಇದೆ, ಯಾರೂ ಅದನ್ನು ಸೋಲು ಅನ್ನುವುದಿಲ್ಲ. ನಿಜವಾದ ಮಕ್ಕಳ ಮುಂದೆ ಬಂದಾಗಲೇ ನಾವು ಅದನ್ನು ಕೈಬಿಡುತ್ತೇವೆ.

ನನ್ನ ಅಜ್ಜಿ ನನಗೆ ರೊಟ್ಟಿ ಬಡಿಯಲು ಕಲಿಸಿದ್ದೂ ನೆನಪಾಯಿತು. ರೊಟ್ಟಿ ಹಂಚಿನ ಮೇಲೆ ಹೋಗುವವರೆಗೆ ಕಾಯುತ್ತಿರಲಿಲ್ಲ. ಅಂಚು ಬಿರಿದದ್ದು ಕಂಡ ಕೂಡಲೇ ನನ್ನ ಕೈ ಹಿಡಿದು ನಿಲ್ಲಿಸಿ, "ಇನ್ನಷ್ಟು ನಾದು" ಅನ್ನುತ್ತಿದ್ದಳು. ಮತ್ತೆ ಉಂಡಿ ಕಟ್ಟಿಸುತ್ತಿದ್ದಳು. ಇದನ್ನೂ ಬಸ್ ಸ್ಟಾಪಿನಲ್ಲಿ ಅವಳಿಗೆ ಹೇಳಿದೆ.

ಅಂಕಪಟ್ಟಿಯನ್ನು ಶನಿವಾರದೊಳಗೆ ಕೊಡಬೇಕು. ಆ ಕಾಲಂ ತುಂಬಲೇಬೇಕು, ಅದು ನನ್ನ ಕೈಯಲ್ಲಿಲ್ಲ. ಆದರೆ ಇನ್ನು ಮುಂದೆ ನನ್ನ ವೀಕ್ಷಣೆಯ ಮೊದಲ ಐದು ಪಾಠಕ್ಕೆ ಅಂಕ ಹಾಕುವುದಿಲ್ಲ ಅಂತ ವಿಭಾಗದ ಸಭೆಯಲ್ಲಿ ಹೇಳುತ್ತೇನೆ. ನಮೂನೆಗೆ ಎರಡು ಸಾಲು ಸೇರಿಸಿ ಅಂತಲೂ ಕೇಳುತ್ತೇನೆ. ಒಪ್ಪದಿದ್ದರೆ ನನ್ನ ಪ್ರತಿಗಳಲ್ಲಾದರೂ ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ.

ರಾತ್ರಿ ಒಂಬತ್ತೂವರೆಗೆ ಅವಳಿಂದ ವಾಟ್ಸಾಪ್ ಬಂತು. ಹಳೆ ಪೇಪರಿನಲ್ಲಿ ಕತ್ತರಿಸಿದ ಎರಡು ದುಂಡನೆಯ ರೊಟ್ಟಿಗಳ ಫೋಟೋ. ಒಂದನ್ನು ಎರಡಾಗಿ ಮಡಚಿದ್ದಾಳೆ, ಇನ್ನೊಂದನ್ನು ಮೂರಾಗಿ. ಕೆಳಗೆ: "ಮೇಡಂ, ಎರಡನ್ನೂ ಆರು ಭಾಗ ಮಾಡಬೇಕು ಅನ್ನೋದನ್ನ ನಾನೇ ಹೇಳಲಾ, ಅವರೇ ಹುಡುಕಲಿ ಅಂತ ಬಿಡಲಾ?"

"ಮೊದಲು ಬಿಡು" ಅಂತ ಬರೆದೆ. "ಹತ್ತು ನಿಮಿಷ ಕಾಯಿ. ಖಾಲಿ ಚೀಟಿ ಕೊಟ್ಟ ಆರು ಜನ ಯಾರು ಅಂತ ಅಷ್ಟರಲ್ಲಿ ನಿನಗೇ ಗೊತ್ತಾಗುತ್ತೆ. ಅವರ ಪಕ್ಕ ಹೋಗಿ ಕೂತ್ಕೋ."

ನಾಳೆಯೂ ಎಂಟರ ಬಸ್ಸು.